ಅಂತರಜಾಲದ ತೂಬಿನ ಬಾಗಿಲು

ಕುಮಟಾ ತಾಲ್ಲೂಕಿನ ತದಡಿಯಲ್ಲಿ ಅಘನಾಶಿನಿ ಕಡಲನ್ನು ಕೂಡುತ್ತಾಳೆ. ಅಲ್ಲಿಂದ ಒಳಕ್ಕೆ, ನದಿಯ ಎರಡು ಮಗ್ಗುಲಲ್ಲಿಯೂ ಗಜನಿ ಗದ್ದೆಗಳಿವೆ. ಉಪ್ಪನ್ನು ತಾಳಿಕೊಳ್ಳುವ ಕಗ್ಗವೆಂಬ ಭತ್ತದ ತವರು ಅದು. ಪೈರು ಇರುವಾಗ ಉಬ್ಬರದ ನೀರು ನುಗ್ಗದಂತೆ ಒಡ್ಡಿನ ತೂಬಿನ ಬಾಗಿಲನ್ನು ಕಾಯಬೇಕು. ಕೊಯ್ಲಾದ ಮೇಲೆ ಅದೇ ಬಾಗಿಲಿನಿಂದ ನೀರನ್ನು ಒಳಬಿಟ್ಟು, ಇಳಿತದ ಹೊತ್ತಿಗೆ ಅಡ್ಡಲಾಗಿ ಬಲೆ ಕಟ್ಟಿ ಸೀಗಡಿ ಹಿಡಿಯುತ್ತಾರೆ. ಬಾಗಿಲು ಯಾವಾಗ ತೆರೆಯಬೇಕು, ಬಲೆಯ ಕಣ್ಣು ಎಷ್ಟಿರಬೇಕು ಎಂಬುದನ್ನು ನಿರ್ಧರಿಸುವವರು ಅದೇ ದಂಡೆಯ ಮೇಲೆ ಬದುಕುವವರು. ಅಂತರಜಾಲಕ್ಕೂ ಇಂಥದೊಂದು ಬಾಗಿಲನ್ನು ಇಡಹೊರಟವರ ಕಥೆ ಕುತೂಹಲಕರವಾದುದು. ಅಲ್ಲಿ ಬಾಗಿಲು ಕಾಯುವವನು ಮಾತ್ರ ದಂಡೆಯಲ್ಲಿಲ್ಲ.

ಭಾರತದ ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು ೧೯೯೫ರ ಆಗಸ್ಟ್ ೧೫ರಂದು, ವಿದೇಶ ಸಂಚಾರ ನಿಗಮದ ಮೂಲಕ. ಮರುವರ್ಷವೇ ಅಮೆರಿಕದಲ್ಲಿ, ಜಾಲತಾಣಗಳು ತಮ್ಮ ಮೇಲೆ ತಾವೇ ಗುಣಸೂಚಕ ಚೀಟಿ ಅಂಟಿಸಿಕೊಳ್ಳುವ ಏರ್ಪಾಡು ಬಂತು. ತಾಣದಲ್ಲಿ ಹಿಂಸೆ ಎಷ್ಟು, ನಗ್ನತೆ ಎಷ್ಟು ಎಂದು ಒಡೆಯನೇ ಅಂಕಿ ಕೊಡಬೇಕು. ಮನೆಯ ಯಂತ್ರ ಅದನ್ನೋದಿ ಮಕ್ಕಳಿಗೆ ತೋರಿಸಬೇಕು ಅಥವಾ ಮರೆಮಾಡಬೇಕು. ಯೋಚನೆ ಸಭ್ಯವಾದದ್ದೇ. ಆದರೆ ಕಳ್ಳನು ತನ್ನ ಬೆನ್ನಿಗೆ ತಾನೇ ಚೀಟಿ ಅಂಟಿಸಿಕೊಂಡಾನೆಯೆ? ಸಜ್ಜನರಲ್ಲಿಯೂ ಬಹುಮಂದಿ ಆ ಗೋಜಿಗೆ ಹೋಗಲಿಲ್ಲ. ಪದಗಳನ್ನು ನೋಡಿ ತಡೆಯುವ ಉಪಾಯವೂ ಅದೇ ಕಾಲದ್ದು. ೧೯೯೬ರಲ್ಲಿ ಇಂಗ್ಲೆಂಡಿನ ಸ್ಕಂಥೋರ್ಪ್ ಪಟ್ಟಣದವರಿಗೆ ಅಮೆರಿಕ ಆನ್‌ಲೈನ್ ಕಂಪನಿಯಲ್ಲಿ ಹೆಸರು ನೋಂದಾಯಿಸಲಾಗದೆ ಹೋಯಿತು. ಊರ ಹೆಸರಿನ ನಡುವೆ ನಾಲ್ಕು ಅಕ್ಷರಗಳ ಒಂದು ಅಶ್ಲೀಲ ಪದ ಅಡಗಿರುವುದನ್ನು ಯಂತ್ರ ಕಂಡುಹಿಡಿದಿತ್ತು!

ನಮ್ಮ ದೇಶದ ಅನುಭವ ಇದಕ್ಕಿಂತ ಗಂಭೀರ. ೨೦೦೩ರ ಸೆಪ್ಟೆಂಬರಿನಲ್ಲಿ ಮೇಘಾಲಯದ ಪ್ರತ್ಯೇಕತಾವಾದಿಗಳಿಗೆ ಸೇರಿದ ‘ಕಿನ್ಹುನ್’ ಎಂಬ ಯಾಹೂ ಗುಂಪನ್ನು ಮುಚ್ಚಿಸಲು ಸರಕಾರ ಆಜ್ಞೆ ಮಾಡಿತು. ಸೇವೆ ಒದಗಿಸುವ ಕಂಪನಿಗಳಿಗೆ ಆ ಒಂದು ಗುಂಪನ್ನಷ್ಟೇ ಬೇರ್ಪಡಿಸಿ ತಡೆಯುವ ಸಾಮರ್ಥ್ಯವಿರಲಿಲ್ಲ. ಅವು ಇಡೀ ಯಾಹೂ ಗುಂಪುಗಳ ವಿಳಾಸವನ್ನೇ ಮುಚ್ಚಿದವು. ಕೆಲವೇ ಸದಸ್ಯರ ಒಂದು ಗುಂಪಿನ ಸಲುವಾಗಿ, ಸಾಹಿತ್ಯ, ಸಂಗೀತ, ವೈದ್ಯಕೀಯ ಎಂದು ಹರಟುತ್ತಿದ್ದ ದೇಶದ ಎಲ್ಲ ಗುಂಪುಗಳೂ ಬಾಯಿ ಮುಚ್ಚಬೇಕಾಯಿತು. ೨೦೦೬ರ ಜುಲೈಯಲ್ಲಿ, ಮುಂಬಯಿಯ ರೈಲು ಸ್ಫೋಟಗಳ ತರುವಾಯ, ಅದೇ ಪ್ರಮಾದ ಮರುಕಳಿಸಿತು. ಆಜ್ಞೆಯಲ್ಲಿದ್ದವು ಎರಡು ಡಜನ್ನಿಗೂ ಕಡಿಮೆ ವಿಳಾಸಗಳು. ಮುಚ್ಚಿಹೋದದ್ದು ಬ್ಲಾಗ್‌ಸ್ಪಾಟ್ ಎಂಬ ಇಡಿಯ ಪೇಟೆ.

ಸರಕಾರದ ಕೈ ಒರಟು, ಖಾಸಗಿಯವರದು ನಯ ಎನ್ನುವವರಿಗೆ ೨೦೦೯ರ ಜನವರಿ ೩೧ ನೆನಪಿರಬೇಕು. ವಂಚಕ ತಾಣಗಳ ಪಟ್ಟಿಯನ್ನು ಗೂಗಲ್ ಆಗಲೇ ಇಟ್ಟುಕೊಂಡಿತ್ತು. ಹುಡುಕಿದವನಿಗೆ ‘ಇದು ಹಾನಿಕರವಾದೀತು’ ಎಂಬ ಎಚ್ಚರಿಕೆ ಕಾಣಿಸುತ್ತಿತ್ತು. ಅಂದು ಯಾರೋ ನೌಕರರ ಕೈತಪ್ಪಿನಿಂದ ಪಟ್ಟಿಯಲ್ಲಿ ಬರಿಯ ಒಂದು ಓರೆಗೆರೆ ಸೇರಿತು. ಓರೆಗೆರೆಯಿಲ್ಲದ ಜಾಲವಿಳಾಸವೇ ಇಲ್ಲ. ನಮ್ಮಲ್ಲಿ ರಾತ್ರಿ ಎಂಟರ ಸುಮಾರಿಗೆ, ಸುಮಾರು ಮುಕ್ಕಾಲು ಗಂಟೆಯ ಹೊತ್ತು, ಜಗತ್ತಿನ ಸಮಸ್ತ ತಾಣಗಳೂ ಗೂಗಲಿನ ಕಣ್ಣಿಗೆ ಅಪಾಯಕಾರಿಗಳಾದವು. ಕಂಪನಿ ತಪ್ಪನ್ನು ಒಪ್ಪಿ ಕ್ಷಮೆ ಕೇಳಿತೆಂಬುದು ಅದರ ಹಿರಿಮೆ. ಆದರೆ ಒಬ್ಬನ ಕೈಯಲ್ಲಿ ಎಷ್ಟು ಬಾಗಿಲುಗಳ ಕೀಲಿಕೈ ಇತ್ತೆಂಬುದೂ ಅಂದು ಬೆಳಕಿಗೆ ಬಂತು.

ಇತ್ತ ಬೆಂಗಳೂರಿನಲ್ಲಿ ೨೦೦೧ರಲ್ಲಿಯೇ ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ತೆರೆದಿತ್ತು. ೨೦೧೧ರ ಕೇಂದ್ರ ನಿಯಮಗಳು ಸೈಬರ್ ಕೆಫೆಗಳಿಗೆ, ಅಶ್ಲೀಲ ತಾಣಗಳನ್ನು ಸೋಸುವ ತಂತ್ರಾಂಶವನ್ನು ಹಾಕಿಕೊಳ್ಳಬಹುದೆಂದವು. ಜೊತೆಗೆ, ಗೂಡುಗಳ ಅಡ್ಡಗೋಡೆ ನಾಲ್ಕೂವರೆ ಅಡಿಗಿಂತ ಎತ್ತರವಿರಬಾರದೆಂದವು! ತಂತ್ರಾಂಶಕ್ಕಿಂತ ಪಕ್ಕದವರ ಕಣ್ಣಿನ ಮೇಲೆ ಕಾನೂನಿಗೆ ಹೆಚ್ಚು ನಂಬಿಕೆಯಿತ್ತೇನೋ. ಆದರೆ ಮೊಬೈಲು ಬಂದು, ಗೋಡೆಯೂ ಕೆಫೆಯೂ ಬಹುಮಟ್ಟಿಗೆ ಮಾಯವಾದವು.

ಈಚೆಗೆ ಬಂದ ಏರ್ಪಾಡು ತಿರುವುಮುರುವಿನದು. ಕೆಟ್ಟದ್ದನ್ನು ಹೆಕ್ಕುವ ಬದಲು ಒಳ್ಳೆಯದಕ್ಕೆ ಗುರುತು ಹಾಕುವುದು. ೨೦೨೫ರಲ್ಲಿ ರಿಸರ್ವ್ ಬ್ಯಾಂಕು, ದೇಶದ ಬ್ಯಾಂಕುಗಳೆಲ್ಲ ಅಕ್ಟೋಬರ್ ೩೧ರ ಒಳಗೆ ‘ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳುವ ವಿಳಾಸಕ್ಕೆ ಬದಲಾಗಬೇಕೆಂದು ಆಜ್ಞೆ ಮಾಡಿತು. ಆ ಬಾಲವನ್ನು ಹಂಚುವ ಅಧಿಕಾರ ಹೈದರಾಬಾದಿನ ಒಂದೇ ಸಂಸ್ಥೆಗೆ, ಬ್ಯಾಂಕಿಂಗ್ ತಂತ್ರಜ್ಞಾನ ಸಂಶೋಧನಾ ಸಂಸ್ಥೆಗೆ. ೧೯೯೬ರ ಚೀಟಿಯೇ ಇದು. ಈ ಸಲ ಅಂಟಿಸುವವನು ಮಾತ್ರ ತಾಣದ ಒಡೆಯನಲ್ಲ.