ಗುರುಗಳನ್ನು ಕರೆಯುವುದು ಯಾವಾಗ?

ಫೆಬ್ರವರಿ 11, ಲೂರ್ದು ಮಾತೆಯ ಹಬ್ಬ. ಅಂದೇ ನಾವು ವಿಶ್ವ ರೋಗಿಗಳ ದಿನವನ್ನೂ ಆಚರಿಸುತ್ತೇವೆ. ಅನೇಕ ಧರ್ಮಕೇಂದ್ರಗಳಲ್ಲಿ ವೃದ್ಧರೂ ರೋಗಿಗಳೂ ಬಲಿಪೂಜೆಗೆ ಬಂದು ಅಭ್ಯಂಗ ಸಂಸ್ಕಾರವನ್ನು ಸ್ವೀಕರಿಸುತ್ತಾರೆ. ಆದರೆ ನಮ್ಮ ಮನೆಯವರೇ ಒಬ್ಬರು ಆಸ್ಪತ್ರೆ ಸೇರಿದಾಗ ನಾವು ಏನು ಮಾಡುತ್ತೇವೆ? ದೊಡ್ಡ ಡಾಕ್ಟರನ್ನು ಕಾಣುತ್ತೇವೆ, ರಕ್ತ ಹೊಂದಿಸುತ್ತೇವೆ, ಸಾಲ ಮಾಡಿಯಾದರೂ ಹಣ ಕಟ್ಟುತ್ತೇವೆ. ಗುರುಗಳ ಮಾತು ಬಂದಾಗ ಮಾತ್ರ ನಮ್ಮ ದನಿ ತಗ್ಗುತ್ತದೆ: "ಈಗಲೇ ಬೇಡ, ಅಪ್ಪ ಹೆದರಿಕೊಂಡಾರು." ಕೊನೆಗೆ ಗುರುಗಳು ಬರುವ ಹೊತ್ತಿಗೆ ಅಪ್ಪನಿಗೆ ಪ್ರಜ್ಞೆ ಇರುವುದಿಲ್ಲ. ಪಾಪನಿವೇದನೆಗೆ ಮಾತಿಲ್ಲ, ಪರಮಪ್ರಸಾದ ಸೇವಿಸಲು ಶಕ್ತಿಯಿಲ್ಲ.

ಈ ಹೆದರಿಕೆ ನಮಗೆ ಎಲ್ಲಿಂದ ಬಂತು? ಖಂಡಿತ ಶುಭಸಂದೇಶದಿಂದ ಅಲ್ಲ. ಪ್ರಭು ಯೇಸು ಕಳುಹಿಸಿದ ಹನ್ನೆರಡು ಮಂದಿ ಪ್ರೇಷಿತರು ರೋಗಿಗಳಿಗೆ ಎಣ್ಣೆ ಹಚ್ಚಿ ಗುಣಪಡಿಸಿದರೆಂದು ಸಂತ ಮಾರ್ಕರು ಬರೆಯುತ್ತಾರೆ. ಅಸ್ವಸ್ಥರಾದವರು ಸಭೆಯ ಹಿರಿಯರನ್ನು ಕರೆಸಲಿ ಎಂದು ಸಂತ ಯಕೋಬರು ತಮ್ಮ ಪತ್ರದಲ್ಲಿ ಹೇಳುತ್ತಾರೆ. ಕರೆಸುವವನು ರೋಗಿಯೇ, ಅಂದರೆ ಅವನಿಗೆ ಎಚ್ಚರವಿದೆ, ಗುಣವಾಗುವ ನಿರೀಕ್ಷೆಯೂ ಇದೆ. 6ನೇ ಶತಮಾನದಲ್ಲಿ ಆರ್ಲ್ಸ್ ಪಟ್ಟಣದ ಧರ್ಮಾಧ್ಯಕ್ಷ ಸಂತ ಸಿಸೇರಿಯಸ್, ಕಾಯಿಲೆ ಬಂದಾಗ ಮಂತ್ರವಾದಿಗಳ ಬಳಿ ಓಡದೆ ದೇವಾಲಯಕ್ಕೆ ಬಂದು ಈ ಪವಿತ್ರ ತೈಲವನ್ನು ಪಡೆಯಿರಿ ಎಂದು ತಮ್ಮ ಜನರಿಗೆ ಬೋಧಿಸುತ್ತಿದ್ದರು.

ಕಾಲಕ್ರಮೇಣ ಈ ಸಂಸ್ಕಾರ ಮರಣಶಯ್ಯೆಯ ಪ್ರಾಯಶ್ಚಿತ್ತದೊಡನೆ ಬೆರೆತುಹೋಯಿತು. 12ನೇ ಶತಮಾನದ ಹೊತ್ತಿಗೆ ಅದಕ್ಕೆ 'ಅಂತ್ಯಾಭ್ಯಂಗ' ಎಂಬ ಹೆಸರೇ ಬಿತ್ತು. ಹೆಸರು ಕೇಳಿದರೆ ಸಾಕು, ರೋಗಿಯ ಎದೆ ಒಡೆಯುವಂತಾಯಿತು.

ನಮ್ಮ ಈ ಭಯ ಹೊಸದೇನಲ್ಲ. 1215ರಲ್ಲಿ ರೋಮಿನಲ್ಲಿ ಸೇರಿದ ನಾಲ್ಕನೇ ಲ್ಯಾಟರನ್ ಮಹಾಸಭೆ ತನ್ನ 22ನೇ ವಿಧಿಯಲ್ಲಿ ಇದನ್ನೇ ಎತ್ತಿಕೊಂಡಿತು. ವೈದ್ಯನನ್ನು ರೋಗಿಯ ಬಳಿಗೆ ಕರೆದಾಗ, ಅವನು ಮೊದಲು ಆತ್ಮದ ವೈದ್ಯನನ್ನು ಕರೆಸುವಂತೆ ರೋಗಿಗೆ ಹೇಳಬೇಕು ಎಂಬುದು ಅದರ ಆಜ್ಞೆ. ಅದಕ್ಕೆ ಕೊಟ್ಟ ಕಾರಣವನ್ನು ನಾವು ಗಮನಿಸಬೇಕು. ಕಾಯಿಲೆ ಉಲ್ಬಣಿಸಿದ ಮೇಲೆ ವೈದ್ಯರು ಆತ್ಮದ ಮಾತೆತ್ತಿದರೆ ಕೆಲವರು ನಿರಾಶರಾಗಿ ಇನ್ನಷ್ಟು ಬೇಗ ಮರಣದ ಅಪಾಯಕ್ಕೆ ಸಿಲುಕುತ್ತಾರೆ. ಆತ್ಮಕ್ಕೆ ಸಮಾಧಾನ ಸಿಕ್ಕರೆ ದೇಹಕ್ಕೆ ಕೊಡುವ ಔಷಧಿಯೂ ಚೆನ್ನಾಗಿ ನಾಟುತ್ತದೆ ಎಂದಿತು ಆ ಸಭೆ. ಭಯಕ್ಕೆ ಮದ್ದು ತಡಮಾಡುವುದಲ್ಲ, ಮೊದಲೇ ಕರೆಯುವುದು.

ರೋಗಿಗೆ ಬೇಕಾದುದು ಸಂಸ್ಕಾರ ಮಾತ್ರವೂ ಅಲ್ಲ. 1550ರಲ್ಲಿ ಜನಿಸಿದ ಸಂತ ಕಮಿಲ್ಲಸ್ ಮೊದಲು ಸೈನಿಕ, ಜೂಜುಕೋರ. ಕಾಲಿನ ವಾಸಿಯಾಗದ ಹುಣ್ಣಿನಿಂದ ರೋಮಿನ ಸಂತ ಯಕೋಬರ ಆಸ್ಪತ್ರೆ ಸೇರಿದರು. ಮುಂದೆ ಅಲ್ಲಿಯೇ ಮೇಲ್ವಿಚಾರಕರಾದರು. ಕೂಲಿಯಾಳುಗಳ ಅಸಡ್ಡೆಯಿಂದ ರೋಗಿಗಳು ಅನಾಥರಂತೆ ನರಳುವುದನ್ನು ಕಂಡು ಸಂಗಾತಿಗಳನ್ನು ಕೂಡಿಸಿದರು. ತಾಯಿಯೊಬ್ಬಳು ಕಾಯಿಲೆಬಿದ್ದ ತನ್ನ ಒಬ್ಬನೇ ಮಗನನ್ನು ನೋಡಿಕೊಳ್ಳುವಂತೆ ಪ್ರತಿ ರೋಗಿಯನ್ನೂ ನೋಡಿಕೊಳ್ಳಬೇಕೆಂಬುದು ಅವರು ಹಾಕಿಕೊಟ್ಟ ನಿಯಮ. 1586ರಲ್ಲಿ ಆ ಸಂಘಕ್ಕೆ ಜಗದ್ಗುರುಗಳ ಮಾನ್ಯತೆ ದೊರೆಯಿತು. ಮೂರು ಶತಮಾನಗಳ ಬಳಿಕ, 1886ರಲ್ಲಿ, ಧರ್ಮಸಭೆ ಕಮಿಲ್ಲಸರನ್ನು ರೋಗಿಗಳ ಮತ್ತು ಆಸ್ಪತ್ರೆಗಳ ಪಾಲಕ ಸಂತರೆಂದು ಸಾರಿತು. ಅದೇ ವರ್ಷ ನಮ್ಮ ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಕನ್ಯಾಸ್ತ್ರೀಯರ ಸಂತ ಮಾರ್ತಾ ಆಸ್ಪತ್ರೆ ಬಾಗಿಲು ತೆರೆಯಿತು.

ಹಳೆಯ ಹೆಸರನ್ನು ತಿದ್ದಿದ್ದು ಎರಡನೇ ವ್ಯಾಟಿಕನ್ ಮಹಾಸಭೆ. ಇದನ್ನು 'ರೋಗಿಗಳ ಅಭ್ಯಂಗ' ಎನ್ನುವುದೇ ಮೇಲು, ಇದು ಸಾಯುವ ಗಳಿಗೆಯವರಿಗೆ ಮಾತ್ರವಲ್ಲ ಎಂದು 1963ರಲ್ಲಿ ಅದು ಸ್ಪಷ್ಟಪಡಿಸಿತು. 1972ರಲ್ಲಿ ಜಗದ್ಗುರು ಆರನೇ ಪೌಲರು ಹೊಸ ವಿಧಿಯನ್ನು ಅನುಮೋದಿಸಿದರು. ಗಂಭೀರ ಕಾಯಿಲೆಗಾಗಿ ಶಸ್ತ್ರಚಿಕಿತ್ಸೆಗೆ ಹೋಗುವ ಮುನ್ನ ಇದನ್ನು ಪಡೆಯಬಹುದು. ಮುಪ್ಪಿನಿಂದ ಬಹಳ ಬಳಲಿದವರು ಪಡೆಯಬಹುದು. ಗುಣವಾಗಿ ಮತ್ತೆ ಕಾಯಿಲೆ ಬಿದ್ದರೆ, ಇಲ್ಲವೇ ಅದೇ ಕಾಯಿಲೆ ಹೆಚ್ಚಾದರೆ, ಮತ್ತೊಮ್ಮೆಯೂ ಪಡೆಯಬಹುದು. ಮರಣದ ಹೊಸ್ತಿಲಲ್ಲಿ ಇರುವವರಿಗೆ ಧರ್ಮಸಭೆ ಕೊಡುವ ದಾರಿಬುತ್ತಿ ಪರಮಪ್ರಸಾದ. 325ರ ನೈಸಿಯಾ ಮಹಾಸಭೆಯೇ ಅದನ್ನು ಸಾಯುವವರಿಗೆ ನಿರಾಕರಿಸಬಾರದೆಂದು ವಿಧಿಸಿತ್ತು. ಆ ಬುತ್ತಿಯನ್ನು ಉಣ್ಣಲು ರೋಗಿಗೆ ಎಚ್ಚರವಿರಬೇಕಲ್ಲವೇ?

ಜಗದ್ಗುರು ಎರಡನೇ ಜಾನ್ ಪೌಲರು 1992ರಲ್ಲಿ ಸ್ಥಾಪಿಸಿದ ವಿಶ್ವ ರೋಗಿಗಳ ದಿನ ಮೊದಲು ಆಚರಿಸಲ್ಪಟ್ಟಿದ್ದು 1993ರಲ್ಲಿ, ಲೂರ್ದಿನಲ್ಲಿ. ಹಬ್ಬ ವರ್ಷಕ್ಕೊಮ್ಮೆ ಬರುತ್ತದೆ. ಕಾಯಿಲೆ ಹೇಳಿ ಬರುವುದಿಲ್ಲ. ಹಾಸಿಗೆಯಲ್ಲಿ ಮಲಗಿದವರಿಗೆ ಹೇಳಿಕೊಳ್ಳಬೇಕಾದ ಮಾತಿರುತ್ತದೆ, ಕೇಳಬೇಕಾದ ಕ್ಷಮೆ ಇರುತ್ತದೆ. ಅವರನ್ನು ಕಾಪಾಡುತ್ತಿದ್ದೇವೆಂದುಕೊಂಡು ನಾವು ಅದಕ್ಕೆ ಸಮಯವನ್ನೇ ಕೊಡುವುದಿಲ್ಲ. ಇನ್ನು ಮುಂದೆ ಆಸ್ಪತ್ರೆಗೆ ಹೊರಡುವಾಗ, ಬಟ್ಟೆಬರೆ ಕಟ್ಟಿಕೊಳ್ಳುವ ಹೊತ್ತಿನಲ್ಲೇ ಧರ್ಮಕೇಂದ್ರದ ಗುರುಗಳಿಗೊಂದು ಮಾತು ತಿಳಿಸೋಣ. ಅಪ್ಪ ಹೆದರಲಾರರು. ಬಹುಶಃ ನಾವು ಕೇಳಲೆಂದೇ ಅವರು ಕಾಯುತ್ತಿರುತ್ತಾರೆ.

ರೋಗಿಗಳ ಆರೋಗ್ಯವಾದ ಮರಿಯಮ್ಮನವರು ನಮಗಾಗಿ ಪ್ರಾರ್ಥಿಸಲಿ.