ಬೆನ್‌ಹರ್‌ನಲ್ಲಿ ಸತ್ತವನು ಯಾರು?



ಕಳೆದ ತಪಸ್ಸು ಕಾಲದ ಒಂದು ಶನಿವಾರ ಸಂಜೆ ನಮ್ಮ ಚರ್ಚ್ ಹಾಲಿನಲ್ಲಿ ‘ಬೆನ್‌ಹರ್’ ಸಿನಿಮಾ ತೋರಿಸಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. 1959ರ ಸಿನಿಮಾ, ಮೂರೂವರೆ ಗಂಟೆ ಉದ್ದ. ಮಕ್ಕಳು ಅರ್ಧದಲ್ಲೇ ಎದ್ದು ಹೋಗಬಾರದೆಂದು ನಾವೊಂದು ಉಪಾಯ ಮಾಡಿದೆವು. ಶುರುವಾಗುವ ಮೊದಲೇ ಮೈಕ್ ಹಿಡಿದು, ರಥದ ಓಟದಲ್ಲಿ ಮೂರು ತಪ್ಪುಗಳಿವೆ, ಹುಡುಕಿದವರಿಗೆ ಬಹುಮಾನ ಎಂದೆವು. ಒಂದು, ನಾಯಕನ ಕೈಯಲ್ಲಿ ವಾಚು. ಎರಡು, ಹಿಂದೆ ಹಾದುಹೋಗುವ ಕೆಂಪು ಫೆರಾರಿ ಕಾರು. ಮೂರು, ಶೂಟಿಂಗ್ ವೇಳೆ ನಿಜವಾಗಿಯೂ ಸತ್ತ ಒಬ್ಬ ಸ್ಟಂಟ್‌ಮ್ಯಾನ್. ಆ ಸಾವನ್ನು ಕತ್ತರಿಸದೆ ಸಿನಿಮಾದಲ್ಲಿ ಹಾಗೆಯೇ ಬಿಟ್ಟಿದ್ದಾರೆ ಎಂದೂ ಸೇರಿಸಿದೆವು. ಇದೆಲ್ಲ ನಮಗೆ ಸಿಕ್ಕಿದ್ದು ಮೊಬೈಲಿನಲ್ಲಿ ಬಂದ ಒಂದು ವಿಡಿಯೋದಿಂದ.

ಉಪಾಯ ಫಲಿಸಿತು, ಯಾರೂ ಎದ್ದು ಹೋಗಲಿಲ್ಲ. ಆದರೆ ವಾಚು ಯಾರಿಗೂ ಕಾಣಲಿಲ್ಲ, ಕಾರೂ ಕಾಣಲಿಲ್ಲ. ರಥದ ಕೆಳಗೆ ಮನುಷ್ಯರು ಬೀಳುವಾಗಲೆಲ್ಲ ಮಕ್ಕಳು “ಇವನಾ? ಇವನಾ?” ಎಂದು ಕೂಗುತ್ತಿದ್ದರು. ಮುಗಿದ ಮೇಲೆ ಮೂರನೇ ಕ್ಲಾಸಿನ ಒಬ್ಬ ಹುಡುಗಿ ಬಂದು, “ಸತ್ತವನ ಹೆಸರೇನು?” ಎಂದು ಕೇಳಿದಳು. ನಮಗೆ ಗೊತ್ತಿರಲಿಲ್ಲ. ಮನೆಗೆ ಹೋಗಿ ಹುಡುಕಲು ಕುಳಿತೆವು. ಹುಡುಕಿದಷ್ಟೂ ನಮಗೆ ನಾಚಿಕೆಯಾಯಿತು. ಹಾಗಾಗಿಯೇ ಈ ಬರಹ.

ಕಥೆ ಹಳೆಯದು. ಲ್ಯೂ ವಾಲೆಸ್ ಎಂಬ ಅಮೆರಿಕದ ಸೇನಾಧಿಕಾರಿ 1880ರಲ್ಲಿ ‘ಬೆನ್‌ಹರ್’ ಕಾದಂಬರಿ ಬರೆದರು. ಯೆಹೂದ್ಯ ಯುವಕನೊಬ್ಬ ರೋಮನ್ ಗೆಳೆಯನಿಂದ ವಂಚಿತನಾಗಿ, ಹಡಗಿನ ಗುಲಾಮನಾಗಿ, ರಥದ ಓಟದಲ್ಲಿ ಸೇಡು ತೀರಿಸಿಕೊಂಡು, ಕೊನೆಗೆ ಯೇಸುಸ್ವಾಮಿಯ ಶಿಲುಬೆಯ ಬಳಿ ಬಂದು ನಿಲ್ಲುವ ಕಥೆ. 1899ರಲ್ಲಿ ಅದನ್ನು ನ್ಯೂಯಾರ್ಕಿನ ರಂಗಭೂಮಿಗೆ ತಂದಾಗ ನಿಜವಾದ ಕುದುರೆಗಳನ್ನೇ ವೇದಿಕೆಯ ಮೇಲೆ ಟ್ರೆಡ್‌ಮಿಲ್‌ನಲ್ಲಿ ಓಡಿಸಿದರು. 1907ರಲ್ಲಿ ಒಂದು ಪುಟ್ಟ ಮೂಕಿಚಿತ್ರ ಬಂತು. ದೊಡ್ಡ ಮೂಕಿಚಿತ್ರ ಬಂದದ್ದು 1925ರಲ್ಲಿ, ಫ್ರೆಡ್ ನಿಬ್ಲೊ ನಿರ್ದೇಶನದಲ್ಲಿ.

ಆ 1925ರ ಚಿತ್ರದ ಬಳಿ ಸ್ವಲ್ಪ ನಿಲ್ಲಬೇಕು. ಅದರ ಚಿತ್ರೀಕರಣ ಮೊದಲು ಇಟಲಿಯಲ್ಲಿ ಆರಂಭವಾಯಿತು. ಅಲ್ಲಿ ರಥದ ಓಟ ತೆಗೆಯುವಾಗ ಚಕ್ರ ಮುರಿದು ಒಬ್ಬ ಸ್ಟಂಟ್‌ಮ್ಯಾನ್ ಸತ್ತ. ಆಮೇಲೆ ಇಡೀ ತಂಡವನ್ನು ಕ್ಯಾಲಿಫೋರ್ನಿಯಾಕ್ಕೆ ಕರೆಸಿಕೊಂಡು, ಹೊಸ ಸೆಟ್ ಹಾಕಿ, 42 ಕ್ಯಾಮೆರಾಗಳನ್ನಿಟ್ಟು ಓಟವನ್ನು ಮತ್ತೆ ತೆಗೆದರು. ಈ ಚಿತ್ರಕ್ಕಾಗಿ ಅನೇಕ ಕುದುರೆಗಳೂ ಪ್ರಾಣ ಕಳೆದುಕೊಂಡವು. ಅಂದು ಗುಂಪನ್ನು ನಿಭಾಯಿಸಲು ನಿಂತಿದ್ದ ಸಹಾಯಕ ನಿರ್ದೇಶಕರಲ್ಲಿ ಒಬ್ಬ ಯುವಕನ ಹೆಸರು ವಿಲಿಯಂ ವೈಲರ್. 34 ವರ್ಷಗಳ ನಂತರ ಬಂದ, ನಾವು ಹಾಲಿನಲ್ಲಿ ನೋಡಿದ ‘ಬೆನ್‌ಹರ್’ನ ನಿರ್ದೇಶಕರು ಇವರೇ.

1959ರ ಓಟವನ್ನು ತೆಗೆದದ್ದು ರೋಮಿನ ಚಿನೆಚಿತ್ತಾ ಸ್ಟುಡಿಯೋದಲ್ಲಿ, 18 ಎಕರೆಯ ಮೈದಾನದಲ್ಲಿ. ಆ ದೃಶ್ಯಗಳನ್ನು ಮುಖ್ಯವಾಗಿ ನಿರ್ದೇಶಿಸಿದವರು ಆಂಡ್ರ್ಯೂ ಮಾರ್ಟನ್, ಸಾಹಸದ ಹೊಣೆ ಹೊತ್ತವರು ಯಾಕಿಮಾ ಕನಟ್. ನಾಯಕ ಚಾರ್ಲ್ಟನ್ ಹೆಸ್ಟನ್ ಮತ್ತು ಖಳನಾಯಕ ಸ್ಟೀಫನ್ ಬಾಯ್ಡ್ ಇಬ್ಬರೂ ರಥ ಓಡಿಸಲು ಕಲಿತರು. ರಥಗಳ ಕೆಳಗೆ ಸಿಕ್ಕಿ ನಜ್ಜುಗುಜ್ಜಾಗುವ ‘ಮನುಷ್ಯರು’ ಬೊಂಬೆಗಳು. ಆ ಓಟದಲ್ಲಿ ಯಾರೂ ಸಾಯಲಿಲ್ಲ. ನೋಷರ್ ಪವೆಲ್ ಎಂಬ ಸ್ಟಂಟ್ ಕಲಾವಿದರು ಮಾತ್ರ ತಮ್ಮ ಆತ್ಮಕಥೆಯಲ್ಲಿ ಒಬ್ಬ ಸತ್ತನೆಂದು ಬರೆದಿದ್ದಾರೆ, ಆದರೆ ಅದಕ್ಕೆ ಬೇರೆ ಯಾವ ದಾಖಲೆಯ ಬೆಂಬಲವೂ ಸಿಕ್ಕಿಲ್ಲ. 1925ರ ಚಿತ್ರದ ಸಾವು ಬಾಯಿಂದ ಬಾಯಿಗೆ ದಾಟಿ 1959ರ ಚಿತ್ರಕ್ಕೆ ಅಂಟಿಕೊಂಡಿತೆಂದು ನಮಗೆ ತೋರುತ್ತದೆ. ಎರಡಕ್ಕೂ ಒಂದೇ ಹೆಸರು, ಒಂದೇ ಓಟ. ಬೆರೆತುಹೋಗುವುದು ಸುಲಭ.

ಅಂದರೆ ನಾವು ಮಕ್ಕಳಿಗೆ ಒಂದು ಬೊಂಬೆಯನ್ನು ತೋರಿಸಿ ಹೆಣ ಎಂದೆವು. ನಿಜವಾಗಿ ಸತ್ತ ಮನುಷ್ಯ ಬೇರೊಂದು ಸಿನಿಮಾದವನು, ಅವನ ಬಗ್ಗೆ ನಾವು ಒಂದು ಮಾತನ್ನೂ ಆಡಲಿಲ್ಲ.

ಓಟದಲ್ಲಿ ಒಂದು ನಿಜವಾದ ಅವಘಡವಂತೂ ಆಗಿದೆ, ಅದು ತೆರೆಯ ಮೇಲೂ ಇದೆ. ಯಾಕಿಮಾ ಕನಟ್ ಅವರ ಮಗ ಜೋ ಕನಟ್ ಹೆಸ್ಟನ್ ಬದಲಿಗೆ ರಥ ಓಡಿಸುತ್ತಿದ್ದರು. ಮುರಿದು ಬಿದ್ದ ರಥದ ಮೇಲಿಂದ ಅವರ ರಥ ಹಾರಬೇಕಿತ್ತು. ಹಾರಿತು, ಆದರೆ ಅಂದುಕೊಂಡದ್ದಕ್ಕಿಂತ ಎತ್ತರಕ್ಕೆ. ಜೋ ಮುಂದಕ್ಕೆ ಎಸೆಯಲ್ಪಟ್ಟು, ರಥದ ಮುಂಭಾಗವನ್ನು ಹಿಡಿದುಕೊಂಡು ಹೇಗೋ ಬದುಕಿದರು. ಗಲ್ಲಕ್ಕೆ ನಾಲ್ಕು ಹೊಲಿಗೆ ಬಿತ್ತು, ಅಷ್ಟೆ. ಆ ತುಣುಕು ಎಷ್ಟು ರೋಮಾಂಚಕವಾಗಿತ್ತೆಂದರೆ ಅದನ್ನು ಬಿಡಲು ಮನಸ್ಸಾಗಲಿಲ್ಲ. ಹೆಸ್ಟನ್ ರಥದೊಳಕ್ಕೆ ಮತ್ತೆ ಹತ್ತಿಕೊಳ್ಳುವ ಒಂದು ಹತ್ತಿರದ ಶಾಟ್ ತೆಗೆದು ಅದಕ್ಕೆ ಜೋಡಿಸಿದರು. ಒಬ್ಬ ಮನುಷ್ಯ ಹಾರಿದ, ಇನ್ನೊಬ್ಬ ಹತ್ತಿದ. ನಮ್ಮ ಹಾಲಿನಲ್ಲಿ ‘ತಪ್ಪು ಹುಡುಕಿ’ ಎಂದು ಕುಳಿತಿದ್ದ ಅಷ್ಟೂ ಕಣ್ಣುಗಳಲ್ಲಿ ಒಂದಕ್ಕೂ ಇದು ಗೊತ್ತಾಗಲಿಲ್ಲ.

ಉಳಿದ ಎರಡು ‘ತಪ್ಪು’ಗಳ ಗತಿಯೂ ಅಷ್ಟೇ. ಓಟದಲ್ಲಿ ತಮ್ಮ ಮುಂಗೈಯನ್ನು ಮೊಣಕೈವರೆಗೂ ಚರ್ಮದ ಪಟ್ಟಿ ಮುಚ್ಚಿತ್ತು ಎಂದು ಹೆಸ್ಟನ್ ಡಿವಿಡಿಯ ವಿವರಣೆಯಲ್ಲಿ ನೆನಪಿಸಿ ವಾಚಿನ ಕಥೆಯನ್ನು ತಳ್ಳಿಹಾಕಿದ್ದಾರೆ. ಫೆರಾರಿಯಂತೂ ಯಾವ ಫ್ರೇಮಿನಲ್ಲೂ ಇಲ್ಲ. ರಥಗಳ ಮುಂದೆ ಕ್ಯಾಮೆರಾ ಹೊತ್ತ ವಾಹನ ಓಡಿದ್ದು ನಿಜ. ಯಾರೋ ಅದನ್ನು ಕೇಳಿ ಕಾರು ಮಾಡಿದರು, ಇನ್ನಾರೋ ಅದಕ್ಕೆ ಕೆಂಪು ಬಣ್ಣ ಹಚ್ಚಿದರು ಎಂಬುದು ನಮ್ಮ ಊಹೆ. (ವಾಚಿನ ವಿಷಯದಲ್ಲಿ ನಗಲು ನಮಗೆ ಅಷ್ಟೇನೂ ಹಕ್ಕಿಲ್ಲ. ನಮ್ಮ ಕ್ರಿಸ್ಮಸ್ ನಾಟಕದ ಫೋಟೋ ಹಾಲಿನ ಗೋಡೆಯ ಮೇಲೆ ಇನ್ನೂ ಇದೆ. ಎಡಗಡೆಯ ಕುರುಬನ ಕೈಯನ್ನು ನೋಡಿ. ಆ ಕುರುಬ ಈ ಬರಹ ಬರೆಯುತ್ತಿರುವವರಲ್ಲಿ ಒಬ್ಬ. ನಮ್ಮ ಕಾಸರಗೋಡಿನ ಕಡೆ ಆಟ ನೋಡಿ ಬೆಳೆದವರಿಗೆ ವಾಚು ಕಟ್ಟಿದ ವೇಷಧಾರಿಯ ತಮಾಷೆ ಹೊಸತೇನಲ್ಲ.)

ಸಿನಿಮಾಗಳಲ್ಲಿ ನಿಜವಾದ ತಪ್ಪುಗಳೇ ಇಲ್ಲವೆಂದಲ್ಲ. ಅದೇ 1959ರಲ್ಲಿ, ಅದೇ ಎಂಜಿಎಂ ಕಂಪನಿಯಿಂದ ಬಂದ ಹಿಚ್‌ಕಾಕ್ ಅವರ ‘ನಾರ್ತ್ ಬೈ ನಾರ್ತ್‌ವೆಸ್ಟ್’ನಲ್ಲಿ ಒಂದು ಕೆಫೆಟೇರಿಯಾದ ದೃಶ್ಯವಿದೆ. ನಾಯಕಿ ಗುಂಡು ಹಾರಿಸುವ ಮೊದಲೇ ಹಿಂದೆ ಕುಳಿತ ಹುಡುಗನೊಬ್ಬ ಕಿವಿ ಮುಚ್ಚಿಕೊಳ್ಳುತ್ತಾನೆ. ಪಾಪ, ಸದ್ದು ಬರುವುದು ಅವನಿಗೆ ಮೊದಲೇ ಗೊತ್ತಿತ್ತು. 2000ದ ‘ಗ್ಲಾಡಿಯೇಟರ್’ನಲ್ಲಿ ಉರುಳಿದ ರಥದ ಹಿಂಬದಿಯಲ್ಲಿ ಗ್ಯಾಸ್ ಸಿಲಿಂಡರ್ ಕಾಣುತ್ತದೆ. ‘ಟೈಟಾನಿಕ್’ನ ಕೊನೆಯಲ್ಲಿ ನಾಯಕಿ ನೋಡುವ ನಕ್ಷತ್ರಗಳು ಆ ರಾತ್ರಿಯ ಆಕಾಶದವಲ್ಲ ಎಂದು ಖಗೋಳ ವಿಜ್ಞಾನಿ ನೀಲ್ ಡಿಗ್ರಾಸ್ ಟೈಸನ್ ನಿರ್ದೇಶಕ ಜೇಮ್ಸ್ ಕ್ಯಾಮರೂನ್ ಅವರಿಗೆ ತಿಳಿಸಿದರು. 2012ರಲ್ಲಿ ಚಿತ್ರ ಮರುಬಿಡುಗಡೆಯಾದಾಗ ಆಕಾಶವನ್ನು ಸರಿಪಡಿಸಲಾಯಿತು. ಟೈಸನ್ ದಿನಾಂಕ ತೆಗೆದು, ಸ್ಥಳ ತೆಗೆದು, ಆಕಾಶದ ಲೆಕ್ಕ ಮಾಡಿ ಹೇಳಿದರು. ನಾವು ವಿಡಿಯೋ ನೋಡಿ ಹೇಳಿದೆವು.

ಇಂಥ ತಪ್ಪುಗಳು ಏಕೆ ಉಳಿಯುತ್ತವೆ? ಸಿನಿಮಾವನ್ನು ಕಥೆಯ ಕ್ರಮದಲ್ಲಿ ತೆಗೆಯುವುದಿಲ್ಲ. ಬಾಗಿಲ ಹೊರಗಿನ ಶಾಟ್ ಈ ತಿಂಗಳು, ಒಳಗಿನದ್ದು ಎರಡು ತಿಂಗಳ ನಂತರ. ಲೋಟ ಯಾವ ಕೈಯಲ್ಲಿತ್ತು, ಎಷ್ಟು ತುಂಬಿತ್ತು, ಗುಂಡಿ ಹಾಕಿತ್ತೋ ಇಲ್ಲವೋ ಎಂದು ಬರೆದಿಡಲು ಸೆಟ್ಟಿನಲ್ಲಿ ಒಬ್ಬರು ಇರುತ್ತಾರೆ, ಸ್ಕ್ರಿಪ್ಟ್ ಸೂಪರ್‌ವೈಸರ್. ಹಾಲಿವುಡ್‌ನಲ್ಲಿ ದಶಕಗಳ ಕಾಲ ಈ ಕೆಲಸ ಮಾಡಿದವರು ಹೆಚ್ಚಾಗಿ ಮಹಿಳೆಯರೇ. ‘ಸ್ಕ್ರಿಪ್ಟ್ ಗರ್ಲ್’ ಎಂದು ಕರೆಯುತ್ತಿದ್ದರು. ಸಾವಿರ ಸಂಗತಿ ಸರಿಯಿದ್ದಾಗ ಯಾರೂ ಅವರನ್ನು ನೆನೆಯುವುದಿಲ್ಲ. ಇಷ್ಟಾದ ಮೇಲೂ ಸಂಕಲನಕಾರರು ಕೆಲವೊಮ್ಮೆ ಗೊತ್ತಿದ್ದೇ ತಪ್ಪನ್ನು ಆರಿಸುತ್ತಾರೆ, ಏಕೆಂದರೆ ನಟನೆ ಚೆನ್ನಾಗಿರುವುದು ಆ ಟೇಕ್‌ನಲ್ಲೇ. ‘ಅಪೊಕ್ಯಾಲಿಪ್ಸ್ ನೌ’ ಚಿತ್ರದ ಸಂಕಲನಕಾರರಲ್ಲಿ ಒಬ್ಬರಾದ ವಾಲ್ಟರ್ ಮರ್ಚ್ ಒಂದು ಕಟ್ ಒಳ್ಳೆಯದೋ ಅಲ್ಲವೋ ಎಂದು ಅಳೆಯಲು ಅಂಕ ಕೊಟ್ಟಿದ್ದಾರೆ. 100ರಲ್ಲಿ ಭಾವಕ್ಕೆ 51. ಸ್ಥಳದ ನಿರಂತರತೆಗೆ, ಅಂದರೆ ಯಾರು ಎಲ್ಲಿ ನಿಂತಿದ್ದರು ಎಂಬುದಕ್ಕೆ, ಕೇವಲ 4.

ನಮ್ಮ ಕಣ್ಣೂ ಅಷ್ಟೇ ಉದಾರಿ. 1997ರಲ್ಲಿ ಡೇನಿಯಲ್ ಲೆವಿನ್ ಮತ್ತು ಡೇನಿಯಲ್ ಸೈಮನ್ಸ್ ಎಂಬ ಮನೋವಿಜ್ಞಾನಿಗಳು ಇಬ್ಬರು ಗೆಳತಿಯರು ಮಾತನಾಡುವ ಒಂದು ಪುಟ್ಟ ಚಿತ್ರ ಮಾಡಿ, ಬೇಕೆಂದೇ 9 ತಪ್ಪುಗಳನ್ನು ಸೇರಿಸಿದರು. ಕುತ್ತಿಗೆಯ ಸ್ಕಾರ್ಫ್ ಮಾಯವಾಗುತ್ತದೆ, ಕೆಂಪು ತಟ್ಟೆ ಬಿಳಿಯಾಗುತ್ತದೆ. ನೋಡಿದ 10 ಮಂದಿಯಲ್ಲಿ ಒಬ್ಬರಷ್ಟೇ ಒಂದು ತಪ್ಪನ್ನು ಗುರುತಿಸಿದರು. ಇನ್ನೊಂದು ಚಿತ್ರದಲ್ಲಿ ಕುರ್ಚಿಯಿಂದ ಎದ್ದವನು ಒಬ್ಬ, ಫೋನ್ ಎತ್ತಿದವನು ಇನ್ನೊಬ್ಬ ನಟ. ಮೂರರಲ್ಲಿ ಎರಡು ಪಾಲು ಜನರಿಗೆ ಅದು ತಿಳಿಯಲೇ ಇಲ್ಲ. ಜೋ ಕನಟ್ ಹಾರಿ ಹೆಸ್ಟನ್ ಹತ್ತಿದ್ದನ್ನು ನೆನಪಿಸಿಕೊಳ್ಳಿ.

ಹೀಗೆ ಓದುತ್ತಾ ಹೋದಾಗ ‘ಬೆನ್‌ಹರ್’ನಲ್ಲೇ ಒಂದು ದೊಡ್ಡ ತಪ್ಪು ಸಿಕ್ಕಿತು. ಅದು ಯಾವ ವಿಡಿಯೋದಲ್ಲೂ ನಮಗೆ ಬಂದಿರಲಿಲ್ಲ. ಸಿನಿಮಾದಲ್ಲಿ ಎಲ್ಲರಿಗೂ ನೆನಪಿರುವ ಇನ್ನೊಂದು ದೃಶ್ಯ ಯುದ್ಧ ಹಡಗಿನದು. ಕಾಲಿಗೆ ಸರಪಳಿ, ಬೆನ್ನಿಗೆ ಚಾಟಿ, ನಗಾರಿಯ ತಾಳಕ್ಕೆ ಹುಟ್ಟು ಹಾಕುವ ಕೈದಿಗಳು. ಆ ಕಾಲದ ರೋಮನ್ ಯುದ್ಧ ಹಡಗುಗಳಲ್ಲಿ ಹೀಗಿರಲಿಲ್ಲ. ಹುಟ್ಟು ಹಾಕುತ್ತಿದ್ದವರು ಸಾಮಾನ್ಯವಾಗಿ ಸಂಬಳ ಪಡೆಯುವ ಸ್ವತಂತ್ರ ನಾವಿಕರು, ಏಕೆಂದರೆ ಅದು ತರಬೇತಿ ಬೇಕಾದ ಕೆಲಸ. ಪ್ರಾಚೀನ ಹಡಗುಗಳ ಇತಿಹಾಸಕಾರ ಲಯನೆಲ್ ಕ್ಯಾಸನ್ ಇದನ್ನು ವಿವರವಾಗಿ ಬರೆದಿದ್ದಾರೆ. ಸರಪಳಿಯ ಕೈದಿಗಳು ತುಂಬಿದ ಹಡಗುಗಳು ಮೆಡಿಟರೇನಿಯನ್‌ನಲ್ಲಿ ಸಾಮಾನ್ಯವಾದದ್ದು ಬಹಳ ತಡವಾಗಿ, 16ನೇ ಶತಮಾನದಿಂದ 18ನೇ ಶತಮಾನದವರೆಗೆ. ಅವುಗಳಲ್ಲಿ ಕ್ರೈಸ್ತ ರಾಜರ ಹಡಗುಗಳೂ ಇದ್ದವು ಎಂಬುದನ್ನು ನಾವು ಇಲ್ಲಿ ಬಚ್ಚಿಡುವುದಿಲ್ಲ. ಆ ಚಿತ್ರವನ್ನು ವಾಲೆಸ್ ಯೇಸುವಿನ ಕಾಲಕ್ಕೆ ಕೊಂಡೊಯ್ದರು, ಸಿನಿಮಾಗಳು ಅದನ್ನೇ ತೆರೆಗೆ ತಂದವು. ಈಗ ರೋಮನ್ ಹಡಗು ಎಂದರೆ ನಮ್ಮ ಕಣ್ಣಿಗೆ ಬರುವುದು ಸರಪಳಿಯೇ. ಒಂದೂವರೆ ಸಾವಿರ ವರ್ಷದ ಕಂಟಿನ್ಯೂಟಿ ತಪ್ಪು. ವಾಚಿಗಿಂತ ದೊಡ್ಡದಲ್ಲವೇ?

ನ್ಯಾಯವಾಗಿ ಹೇಳಬೇಕಾದ ಮಾತೂ ಒಂದಿದೆ. ಓಟದ ಸುತ್ತುಗಳನ್ನು ಎಣಿಸಲು ಒಂದೊಂದಾಗಿ ಬಾಗುವ ಡಾಲ್ಫಿನ್ ಮೂರ್ತಿಗಳನ್ನು ಕಂಡು ನಾವು ನಕ್ಕಿದ್ದೆವು. ಅವು ನಿಜ. ರೋಮಿನ ದೊಡ್ಡ ಓಟದ ಮೈದಾನದಲ್ಲಿ ಕ್ರಿಸ್ತಪೂರ್ವ 33ರಲ್ಲಿ ಅಗ್ರಿಪ್ಪ ಡಾಲ್ಫಿನ್‌ಗಳನ್ನು ಇರಿಸಿದ್ದ.

ಮುಂದಿನ ಭಾನುವಾರ ಪೂಜೆಯ ನಂತರ ಗುರುಗಳ ಅನುಮತಿ ಪಡೆದು ಅದೇ ಮೈಕ್ ಹಿಡಿದು ನಿಂತೆವು. ನಾವು ಹೇಳಿದ ಮೂರೂ ಸುಳ್ಳು ಎಂದೆವು. ಕೆಲವರು ನಕ್ಕರು. ಒಬ್ಬ ಹಿರಿಯರು, “ಸಿನಿಮಾದ ವಿಷಯಕ್ಕೆ ಇಷ್ಟೆಲ್ಲಾ ಯಾಕೆ?” ಎಂದರು. ಆದರೆ ಆ ಹುಡುಗಿ ಒಂದು ಹೆಸರಿಗಾಗಿ ಕಾದಿದ್ದಳು, ಅವಳಿಗೆ ನಾವು ಒಂದು ಹೆಸರು ಹೇಳಿದೆವು. ಸ್ಯಾಮ್ ಜಿಂಬಲಿಸ್ಟ್. 1959ರ ‘ಬೆನ್‌ಹರ್’ನ ನಿರ್ಮಾಪಕರು. ಆ ಭಾರಿ ಚಿತ್ರದ ಹೊಣೆ ಹೊತ್ತಿದ್ದವರು 1958ರ ನವೆಂಬರಿನಲ್ಲಿ, ಚಿತ್ರೀಕರಣ ಇನ್ನೂ ನಡೆಯುತ್ತಿರುವಾಗಲೇ, ರೋಮಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಚಿತ್ರಕ್ಕೆ 11 ಆಸ್ಕರ್ ಬಂದವು. ಅತ್ಯುತ್ತಮ ಚಿತ್ರದ್ದನ್ನು ಅವರ ಪತ್ನಿ ಸ್ವೀಕರಿಸಿದರು.

ಬಹುಮಾನವೆಂದು ತಂದಿಟ್ಟಿದ್ದ ಪೆನ್ನಿನ ಪೆಟ್ಟಿಗೆಯನ್ನು ಅವಳಿಗೇ ಕೊಟ್ಟೆವು. ಆಮೇಲೆ ಜೋ ಕನಟ್ ಹಾರುವ ತುಣುಕನ್ನು ಲ್ಯಾಪ್‌ಟಾಪಿನಲ್ಲಿ ನಿಧಾನವಾಗಿ ಓಡಿಸಿ, ಎರಡು ಶಾಟ್‌ಗಳು ಕೂಡುವ ಜಾಗದಲ್ಲಿ ನಿಲ್ಲಿಸಿ ತೋರಿಸಿದೆವು. “ಇಲ್ಲಿಯವರೆಗೆ ಜೋ, ಇಲ್ಲಿಂದ ಹೆಸ್ಟನ್” ಎಂದೆವು. ಅವಳು ಪರದೆಗೆ ಮುಖ ತಾಗಿಸಿ ನೋಡಿದಳು. ಇನ್ನೊಮ್ಮೆ ಹಾಕಿ ಎಂದಳು.