ರಾಮನ್ ರಾಮುವಾದ ಕಥೆ

‘ಬೆಟ್ಟದ ಹೂವು’ ಚಿತ್ರ ಎಂದೊಡನೆ ಕನ್ನಡಿಗರ ಕಣ್ಣ ಮುಂದೆ ಬರುವುದು ಹತ್ತು ವರ್ಷದ ಬಾಲನಟ ಪುನೀತ್ ಮುಖ. ಆ ಮುಖದ ಹಿಂದೆ ಒಂದು ಪುಸ್ತಕವಿತ್ತು. ಅಮೆರಿಕದ ಲೇಖಕಿ ಶರ್ಲಿ ಎಲ್. ಅರೋರಾ ಅವರ ‘ವಾಟ್ ದೆನ್, ರಾಮನ್?’ ಎಂಬ ಆ ಮಕ್ಕಳ ಕಾದಂಬರಿ 1960ರಲ್ಲಿ ಇಂಗ್ಲಿಷಿನಲ್ಲಿ ಹೊರಬಂತು. ಮರುವರ್ಷವೇ ಅದಕ್ಕೆ ಜೇನ್ ಆಡಮ್ಸ್ ಪ್ರಶಸ್ತಿಯೂ ಸಿಕ್ಕಿತು.

ರಾಮನ್ ದಕ್ಷಿಣ ಭಾರತದ ಒಂದು ಬೆಟ್ಟದೂರಿನ ಬಡ ಹುಡುಗ, ಊರಲ್ಲಿ ಅಕ್ಷರ ಕಲಿತ ಮೊದಲಿಗ. ಅವನಿಗೆ ರಾಮಾಯಣದ ಪುಸ್ತಕ ಕೊಳ್ಳುವ ಆಸೆ. ಅದಕ್ಕಾಗಿ ಅಮೆರಿಕದ ಹೆಂಗಸೊಬ್ಬಳಿಗೆ ಕಾಡಿನ ಹೂಗಳನ್ನು ಹುಡುಕಿಕೊಟ್ಟು ಕಾಸು ಕೂಡಿಡುತ್ತಾನೆ. ಓದು ಕಲಿತೆ, ಸರಿ, ಮುಂದೇನು? ಹೆಸರಿನಲ್ಲೇ ಇರುವ ಈ ಪ್ರಶ್ನೆ ಇಡೀ ಕಾದಂಬರಿಯನ್ನು ನಡೆಸುತ್ತದೆ. ಕಲಿತವನಿಗೆ ಕಲಿಯದವರ ಋಣವಿದೆ ಎಂಬುದನ್ನು ಹುಡುಗ ನಿಧಾನವಾಗಿ ಅರಿಯುತ್ತಾನೆ.

ಇಪ್ಪತ್ತೈದು ವರ್ಷಗಳ ಬಳಿಕ, 1985ರಲ್ಲಿ, ಎನ್. ಲಕ್ಷ್ಮೀನಾರಾಯಣ್ ಈ ಕಥೆಯನ್ನು ಕನ್ನಡದ ತೆರೆಗೆ ತಂದರು. ‘ನಾಂದಿ’ ಮಾಡಿದವರು ಅವರು. ಪೂರ್ಣಚಂದ್ರ ತೇಜಸ್ವಿಯವರ ಕಥೆಯಿಂದ ‘ಅಬಚೂರಿನ ಪೋಸ್ಟಾಫೀಸು’ ಚಿತ್ರ ಮಾಡಿದವರೂ ಅವರೇ. ನಿರ್ಮಾಪಕಿ ಪಾರ್ವತಮ್ಮ ರಾಜಕುಮಾರ್, ಸಂಗೀತ ರಾಜನ್–ನಾಗೇಂದ್ರ.

ಚಿತ್ರದಲ್ಲಿ ರಾಮನ್ ರಾಮುವಾದ. ಅದು ಸಣ್ಣ ಬದಲಾವಣೆ. ದೊಡ್ಡದು ಅವನ ಆಸೆಯಲ್ಲಿ ಆದದ್ದು: ಯಾವುದೋ ಒಂದು ರಾಮಾಯಣವಲ್ಲ, ರಾಮುವಿಗೆ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಬೇಕು. 1949ರಲ್ಲಿ ಪ್ರಕಟವಾಗಿ, ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದುಕೊಟ್ಟ ಮಹಾಕಾವ್ಯವದು. ದೊಡ್ಡವರೂ ಒಂದೊಂದು ಸಾಲಿನಲ್ಲಿ ನಿಂತು ನಿಂತು ಓದಬೇಕಾದ ಕೃತಿ. ಅದನ್ನು ಬೆಟ್ಟದ ಹುಡುಗನೊಬ್ಬ ಬಯಸುತ್ತಾನೆ ಎಂದಾಗ ಆಸೆಗೆ ಬೇರೆಯದೇ ಎತ್ತರ ಬರುತ್ತದೆ. ಮಲೆನಾಡಿನ ಕವಿಯ ಕಾವ್ಯ ಮಲೆಯ ಬಡಮಗುವಿಗೆ ಇನ್ನೂ ಕೈಗೆಟುಕಿಲ್ಲ ಎಂಬ ಸಂಕಟವೂ ಅದರೊಳಗಿದೆ. ಕಾದಂಬರಿಯನ್ನು ಕನ್ನಡದ್ದಾಗಿಸಿದ್ದು ಈ ಒಂದು ತಿದ್ದುಪಡಿ.

ಹುಡುಗ ಹುಡುಕುವ ಹೂವಿನ, ಅಂದರೆ ಆರ್ಕಿಡ್‌ನ, ಮಾತೂ ಹೀಗೆಯೇ. ಇಂಗ್ಲಿಷಿನಲ್ಲಿ ಆರ್ಕಿಡ್ ಎಂದರೆ ಗಾಜಿನ ಮನೆಯಲ್ಲಿ ಬೆಳೆಸುವ ದುಬಾರಿ ಗಿಡ ನೆನಪಾಗಬಹುದು. ಮಲೆನಾಡಿನವರಿಗೆ ಅದು ಸೀತಾಳೆ ದಂಡೆ: ಮಳೆ ಹಿಡಿಯುವ ಹೊತ್ತಿಗೆ ಮರದ ಕೊಂಬೆಯಿಂದ ಗೊಂಚಲಾಗಿ ಇಳಿಬೀಳುವ, ನಸುಗೆಂಪು ಚುಕ್ಕೆಗಳ ಬಿಳಿ ಹೂವು. ಆ ಹೆಸರು ಕಿವಿಗೆ ಬಿದ್ದರೆ ಸೀತೆ ನೆನಪಾಗದೆ ಇರುವುದಿಲ್ಲ. ಕಾಡಿನ ಹೂ ಮಾರಿ ರಾಮಾಯಣ ಕೊಳ್ಳಲು ಹೊರಟ ಹುಡುಗನ ಕಥೆಗೆ ಇಷ್ಟು ಒಪ್ಪುವ ನೆಲ ಇನ್ನೊಂದಿರಲಾರದು.

ಕೊನೆಗೆ ರಾಮು ಪುಸ್ತಕ ಕೊಳ್ಳುವುದಿಲ್ಲ. ಕೂಡಿಟ್ಟ ಹಣದಲ್ಲಿ ಚಳಿಗೆ ನಡುಗುವ ಮನೆಯವರಿಗೆ ಕಂಬಳಿ ತರುತ್ತಾನೆ. ಕಾದಂಬರಿಯ ಒತ್ತು ಓದಿದವನ ಹೊಣೆಯ ಮೇಲಿದ್ದರೆ, ಚಿತ್ರದ ಒತ್ತು ಮಗುವಿನ ತ್ಯಾಗದ ಮೇಲೆ. ಕಣ್ಣು ತೇವಗೊಳಿಸುವ ಶಕ್ತಿ ಚಿತ್ರಕ್ಕೇ ಹೆಚ್ಚು. ಆದರೆ ಮನಸ್ಸನ್ನು ಬಹಳ ದಿನ ಕೆದಕುವುದು ಪುಸ್ತಕದ ಪ್ರಶ್ನೆ.

ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರ ಮತ್ತು ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿಗಳೆರಡೂ ‘ಬೆಟ್ಟದ ಹೂವಿ’ಗೆ ಬಂದವು. ಪುನೀತ್ 2021ರಲ್ಲಿ ಅಗಲಿದ ಮೇಲೆ ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಈ ಚಿತ್ರವನ್ನು ಮತ್ತೆ ತೋರಿಸುತ್ತಿದ್ದಾರೆ. ತೋರಿಸುವವರು ಟಿವಿ ಆರಿಸುವ ಮುನ್ನ ರಾಮನ್‌ನ ಕಥೆಯನ್ನೂ ಹೇಳಲಿ, ‘ಮುಂದೇನು?’ ಎಂಬ ಆ ಪ್ರಶ್ನೆಯನ್ನು ಮಕ್ಕಳಿಗೆ ಕೇಳಲಿ.